ರುಚಿ ನೋಡಿದವರ ಸಹಿ

ಕಂದು ನಾಯಿ ಮೂಸಿ ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಆಫೀಸು ರೂಮಿನ ಕಿಟಕಿಯ ಹಿಂದೆ ಖಾಲಿ ತಟ್ಟೆ ಹಿಡಿದು ನಿಂತಿದ್ದ ಬೈರೇಶ್ ಅದನ್ನು ನೋಡಿದ. ನುಗ್ಗೆಮರದ ಬುಡದಲ್ಲಿ ಅವನು ಆಗತಾನೇ ಸುರಿದ ಅನ್ನ ಸಾಂಬಾರು ಇನ್ನೂ ಹಬೆಯಾಡುತ್ತಿತ್ತು. ನಾಲ್ಕು ವರ್ಷದಿಂದ, ಶಾಲೆ ಇದ್ದ ದಿನವೆಲ್ಲ, ಹನ್ನೆರಡು ಗಂಟೆಗೆ ಸರಿಯಾಗಿ ಆ ಬುಡಕ್ಕೆ ಬಂದು ಬಾಲ ಆಡಿಸುತ್ತ ಕಾಯುವ ನಾಯಿ ಅದು; ನಾಲಿಗೆ ಸುಟ್ಟರೂ ಬಿಡುತ್ತಿರಲಿಲ್ಲ. ಇವತ್ತು ಇನ್ನೊಮ್ಮೆ ಮೂತಿ ಚಾಚಿತು, ಸೀನಿತು, ಅವನ ಕಡೆ ಒಂದು ಸಲ ನೋಡಿ ಕಾಂಪೌಂಡಿನ ಒಡೆದ ಸಂದಿಯಿಂದ ಹೊರಟುಹೋಯಿತು. ಹೊಟ್ಟೆ ತುಂಬಿರಬೇಕು ಅಂದುಕೊಂಡ. ನಿನ್ನೆ ಊರಲ್ಲಿ ಯಾರದೋ ಬೀಗರೂಟ ಇತ್ತು, ಮೂಳೆ ಸಿಕ್ಕಿರುತ್ತದೆ. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು, ಬಿಸಿಯೂಟದ ರುಚಿ ಪುಸ್ತಕ ಎಳೆದುಕೊಂಡ. ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಮೇಷ್ಟ್ರೊಬ್ಬರು ಉಂಡು ನೋಡಿ ಅದರಲ್ಲಿ ಬರೆಯಬೇಕು, ಅದು ನಿಯಮ. ದಿನಾಂಕ, ಅಡುಗೆ, ರುಚಿ ಹೇಗಿದೆ, ರುಚಿ ನೋಡಿದವರ ಸಹಿ. 'ಊಟ ರುಚಿಯಾಗಿದೆ, ಶುಚಿಯಾಗಿದೆ' ಎಂದು ಬರೆದ. ಆ ಸಾಲು ಅವನ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಹೋದ ವರ್ಷ ಒಂದು ದಿನ ಗ್ಯಾಸ್ ಮುಗಿದು ಅಡುಗೆಯೇ ಆಗದಿದ್ದಾಗಲೂ ಅದನ್ನೇ ಬರೆದಿದ್ದ. ಸಹಿಯ ಹತ್ತಿರ ಮಾತ್ರ ಪೆನ್ನು ಒಂದು ಗಳಿಗೆ ನಿಂತಿತು. ಸೀನಿದ್ದು ಯಾಕೆ? ನಾಯಿಗೂ ನೆಗಡಿ ಆಗುತ್ತದೆ ಎಂದುಕೊಂಡು ಸಹಿ ಹಾಕಿದ.

ತಟ್ಟೆ ತಂದಿಟ್ಟ ಅಡುಗೆಯ ಪಾಪಕ್ಕ ಇವತ್ತು ಎಂದಿನಂತೆ ಬಾಗಿಲಿನಿಂದಲೇ ತಿರುಗಿ ಹೋಗಿರಲಿಲ್ಲ. ಮುಚ್ಚಿದ ತಟ್ಟೆಯ ಅಂಚನ್ನು ಸೆರಗಿನಿಂದ ಹಿಡಿದುಕೊಂಡೇ ನಿಂತಿದ್ದಳು. "ಮೇಷ್ಟ್ರೇ, ಬೇಳೆದು ಹೊಸ ಮೂಟೆ ಬಿಚ್ಚಿದೀನಿ. ತೊಳ್ಯೋವಾಗ ಯಾವಾಗ್ಲಿಗಿಂತ ಜಾಸ್ತಿ ನೊರೆ ಬಂತು. ಮೂರು ನೀರಲ್ಲಿ ತೊಳ್ದೆ. ಕರೋನ ಬಂದು ಹೋದಾಗಿಂದ ನನ್ ಮೂಗು ಸತ್ತೋಗೈತೆ ಅಂತ ನಿಮಗೆ ಗೊತ್ತೇ ಐತಲ್ಲ, ವಾಸ್ನೆನೂ ಗೊತ್ತಾಗಲ್ಲ, ರುಚಿನೂ ಗೊತ್ತಾಗಲ್ಲ. ಒಸಿ ಸರ್ಯಾಗಿ ನೋಡಿ ಹೇಳಿ" ಅಂದಿದ್ದಳು. ಅವನಿಗೆ ಗೊತ್ತಿತ್ತು. ಮೊದಲ ಸಲ ಅವಳು ಅದನ್ನು ಹೇಳಿದಾಗ ಅಯ್ಯೋ ಪಾಪ ಅಂದಿದ್ದ. ಜೊತೆಯ ಅಡುಗೆಯವಳು ಮಗಳ ಬಾಣಂತನಕ್ಕೆಂದು ಹೋಗಿ ತಿಂಗಳಾಗಿತ್ತು. ಈಗ ಆ ಅಡುಗೆಮನೆಯಲ್ಲಿ ವಾಸನೆ ಹಿಡಿಯುವ ಮೂಗೇ ಇರಲಿಲ್ಲ. "ಇಟ್ಟೋಗಿ ಪಾಪಕ್ಕ, ನೋಡ್ತೀನಿ" ಅಂದ. ಪಾಪಕ್ಕನಿಗೆ ಬಹುವಚನ ಹಾಕಿ ಮಾತಾಡುವವನು ಆ ಊರಿನಲ್ಲಿ ಅವನೊಬ್ಬನೇ, ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. "ನಿಮ್ ನಾಲ್ಗೆ ಇರೋದಕ್ಕೇ ಮೇಷ್ಟ್ರೇ ನಾನು ಧೈರ್ಯವಾಗಿ ಸೌಟು ಹಿಡಿಯೋದು" ಎಂದು ಹೇಳಿ ಅವಳು ಹೋದಳು. ಅವಳ ಹೆಜ್ಜೆ ಸದ್ದು ವರಾಂಡ ದಾಟುವವರೆಗೆ ಕಾದು, ಅವನು ಕಿಟಕಿ ತೆರೆದಿದ್ದ.

ಗ್ಯಾಸ್ಟ್ರಿಕ್ ಎಂದು ಎಲ್ಲರಿಗೂ ಹೇಳಿದ್ದ. ಕೇಳಿದವರಿಗೆ ಮಾತ್ರ ಅಲ್ಲ, ತನಗೂ ಹೇಳಿಕೊಂಡಿದ್ದ. ಹೆಡ್‌ಮಿಸ್ ಪ್ರಮೋದಾ ಮೇಡಂ ದೊಡ್ಡಬಳ್ಳಾಪುರದಲ್ಲಿ ತರಬೇತಿ ಅಂತ ಹೋಗಿ ವಾರವಾಗಿತ್ತು. ಅವರಿದ್ದಾಗ ಅವನ ಸಹಿಯ ಕೆಳಗೆ ಅವರೂ ಒಂದು ಸಹಿ ಹಾಕುತ್ತಿದ್ದರು, ಅವರು ತಿನ್ನುತ್ತಿದ್ದರೋ ಇಲ್ಲವೋ ಅವನು ಕೇಳಿರಲಿಲ್ಲ. ಅವನ ಊಟ ಬ್ಯಾಗಿನಲ್ಲಿತ್ತು. ಹೆಂಡತಿ ಅಕ್ಷತ ಬೆಳಿಗ್ಗೆ ಕಟ್ಟಿಕೊಟ್ಟ ಚಿತ್ರಾನ್ನ. ಸಾಸಲು ದಾಟಿ ನಾಲ್ಕು ಕಿಲೋಮೀಟರ್ ದೂರದ ಈ ಶಾಲೆಗೆ ದಿನಾ ಬೈಕಿನಲ್ಲಿ ಬರುವಾಗ ಡಬ್ಬಿ ಬೆನ್ನಿಗೆ ಬೆಚ್ಚಗೆ ತಾಗುತ್ತಿತ್ತು. ಅವನು ಅಂಥವನಲ್ಲ. ಏಪ್ರಿಲ್ ಹದಿನಾಲ್ಕಕ್ಕೆ ಪಾಪಕ್ಕನ ಕಾಲೋನಿಯವರು ಅವನನ್ನೇ ಭಾಷಣಕ್ಕೆ ಕರೆಯುತ್ತಿದ್ದರು, ಅವನು ಕಣ್ಣಲ್ಲಿ ನೀರು ಬರುವಂತೆ ಮಾತಾಡುತ್ತಿದ್ದ, ನೀರು ಅವನ ಕಣ್ಣಲ್ಲೂ ಬರುತ್ತಿತ್ತು. ಆದರೆ ಗಂಟಲು ಅವನ ಮಾತು ಕೇಳುತ್ತಿರಲಿಲ್ಲ. ಎರಡನೆಯ ಕ್ಲಾಸಿನಲ್ಲಿದ್ದಾಗ, ಸಮೇತನಹಳ್ಳಿಯಲ್ಲಿ, ಪಕ್ಕದಲ್ಲಿ ಕೂರುವ ಮುನಿಕೃಷ್ಣನ ಜೊತೆ ಕಾಲೋನಿಯಲ್ಲಿದ್ದ ಅವರ ಮನೆಗೆ ಹೋಗಿ ಮುದ್ದೆ ಅವರೆಕಾಳು ಸಾರು ತಿಂದು ಬಂದಿದ್ದ, ಚೆನ್ನಾಗಿತ್ತು ಎಂದು ಅಮ್ಮನಿಗೆ ಬಂದು ಹೇಳಿಯೂ ಇದ್ದ. ಅಮ್ಮ ಬೈಯಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ, ತಲೆ ಬಗ್ಗಿಸಿ, ಅವನ ಗಂಟಲಿಗೆ ಎರಡು ಬೆರಳು ಹಾಕಿದ್ದಳು. ಅವಳ ಬೆರಳಿನ ಈರುಳ್ಳಿ ವಾಸನೆ. ಎಲ್ಲ ಹೊರಗೆ ಬರುವ ತನಕ ಬೆನ್ನು ಸವರುತ್ತ, "ಏನಿಲ್ಲ ಕಂದ, ಏನಿಲ್ಲ, ಹೋಯ್ತು" ಅನ್ನುತ್ತಿದ್ದಳು. ಎಷ್ಟು ಪ್ರೀತಿಯಿಂದ ಸವರುತ್ತಿದ್ದಳು ಎಂದರೆ ಅವನಿಗೆ ಇವತ್ತಿಗೂ ಅವಳ ಮೇಲೆ ಸಿಟ್ಟು ಬರುವುದಿಲ್ಲ. ಮುನಿಕೃಷ್ಣ ಮರುದಿನ ಮತ್ತೆ ಕರೆದಾಗ ಹೊಟ್ಟೆನೋವು ಎಂದಿದ್ದ. ಅದು ಅವನ ಮೊದಲನೆಯ ಗ್ಯಾಸ್ಟ್ರಿಕ್.

ಊಟದ ಗಂಟೆ ಹೊಡೆದಾಗ ಅವನೇ ವರಾಂಡಕ್ಕೆ ಬಂದು ನಿಂತ. ಮೂವತ್ತೆಂಟು ಮಕ್ಕಳು ಎರಡು ಸಾಲಾಗಿ ಗೋಡೆಗೆ ಒರಗಿ ಕೂತಿದ್ದರು. ಪಾಪಕ್ಕ ದೂರದಿಂದಲೇ ಅವನ ಮುಖ ನೋಡಿ, "ಹೆಂಗಿತ್ತು ಮೇಷ್ಟ್ರೇ?" ಎಂದು ಕೂಗಿದಳು. ಈಗ ಹೇಳಬಹುದಿತ್ತು. ನಾಯಿ ಸೀನಿತು ಅನ್ನಬಹುದಿತ್ತು. ಹಾಗಂದರೆ ಯಾವ ನಾಯಿ ಎಂದು ಅವಳು ಕೇಳುತ್ತಾಳೆ. "ಚೆನ್ನಾಗಿದೆ, ಬಡಿಸಿ" ಅಂದ. ಅವಳ ಮುಖ ಸಡಿಲವಾಯಿತು, ಬಕೆಟ್ಟು ಎತ್ತಿಕೊಂಡಳು, ಸಿಹಿಗುಂಬಳದ ಹೋಳು ಎಲ್ಲರಿಗೂ ಸಮನಾಗಿ ಬೀಳುವ ಹಾಗೆ ಸೌಟು ಆಡಿಸುತ್ತ ಬಡಿಸಿಕೊಂಡು ಹೋದಳು. ಸಾಲಿನ ಕೊನೆಯಲ್ಲಿ ಅವಳ ಮೊಮ್ಮಗಳು ಸಿಂಚನ ಕೂತಿದ್ದಳು. ಆರನೆಯ ಕ್ಲಾಸು, ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುವ ಹುಡುಗಿ. ಬೆಳಿಗ್ಗೆಯ ಇಂಗ್ಲಿಷ್ ಪಾಠದಲ್ಲಿ ಔಷಧಿ ಕುಡಿದು ಮುಖ ಕಿವುಚುವವಳ ಕಥೆಯಲ್ಲಿ 'ನಾಸ್ಟಿ' ಎಂಬ ಮಾತು ಬಂದಿತ್ತು. ಕನ್ನಡದಲ್ಲಿ ಏನು ಸಾರ್ ಎಂದಿದ್ದಳು. ಬಾಯಿಗೆ ಸೇರದ್ದು, ಮೂಗಿಗೆ ಸೇರದ್ದು ಎಂದು ಬೋರ್ಡಿನ ಮೇಲೆ ಬರೆದ. ಹುಷಾರಾಗಿರಬೇಕಾದ ಗಾಯಕ್ಕೂ ಅದನ್ನೇ ಅನ್ನುತ್ತಾರೆ ಎಂದ. ಸಣ್ಣ ಬುದ್ಧಿಯ ಮನುಷ್ಯನಿಗೂ ಅನ್ನುತ್ತಾರೆ ಎಂದ. "ಯಾರ ಥರ ಸಾರ್?" ಎಂದು ಮಕ್ಕಳು ಕೇಳಿದಾಗ ಸ್ಟಾಪಿನಲ್ಲಿ ನಿಲ್ಲಿಸದೆ ಹೋಗುವ ಬಸ್ಸಿನ ಕಂಡಕ್ಟರ್ ಹೆಸರು ಹೇಳಿ ನಗಿಸಿದ್ದ. ಸಿಂಚನ ನಕ್ಕಿರಲಿಲ್ಲ. "ಎಲ್ಲಾದಕ್ಕೂ ಒಂದೇ ಮಾತಾದ್ರೆ ಯಾವುದು ಅಂತ ಹೆಂಗೆ ಗೊತ್ತಾಗುತ್ತೆ ಸಾರ್?" ಅಂದಿದ್ದಳು. ಯಾವುದರ ಪಕ್ಕದಲ್ಲಿ ನಿಂತಿದೆ ಎಂದು ನೋಡು, ಗೊತ್ತಾಗುತ್ತೆ ಎಂದು ಹೇಳಿ ಮುಂದಿನ ಸಾಲಿಗೆ ಹೋಗಿದ್ದ. ಈಗ ಅವಳು ಒಂದು ತುತ್ತು ಬಾಯಿಗಿಟ್ಟು, ಅಲ್ಲಿಂದಲೇ ಅವನನ್ನು ನೋಡಿ, ಹೊಸ ಮಾತು ಕಲಿತ ಖುಷಿಯಲ್ಲಿ, "ಸಾರ್, ಸಾಂಬಾರ್ ನಾಸ್ಟಿ!" ಎಂದಳು. ಮಕ್ಕಳೆಲ್ಲ ಗೊಳ್ಳೆಂದರು. ಪಾಪಕ್ಕ ಸೌಟು ಹಿಡಿದೇ ನಿಂತಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಯಾರನ್ನು ನೋಡಿ ನಗುತ್ತಾರೆ ಎಂಬುದು ಗೊತ್ತಾಗುತ್ತದೆ.

ಅವನಿಗೆ ಸಿಟ್ಟು ಬಂತು. ಅದು ಸಿಟ್ಟಲ್ಲ, ಹೆದರಿಕೆ ಎಂದು ಆಮೇಲೆ ಗೊತ್ತಾಯಿತು. ದೊಡ್ಡ ಹೆಜ್ಜೆ ಹಾಕಿಕೊಂಡು ಹೋಗಿ ಅವಳ ಮುಂದೆ ನಿಂತ. "ಅನ್ನಕ್ಕೆ ಹೆಸರಿಡ್ತೀಯಾ? ನಿಮ್ಮಜ್ಜಿ ಬೆಳಿಗ್ಗೆಯಿಂದ ಒಲೆ ಮುಂದೆ ಬೆಂದು ಮಾಡಿದಾರೆ. ತಿನ್ನು. ನನ್ನೆದುರಿಗೇ ತಿನ್ನು" ಅಂದ. "ಸಾರ್, ನಿಜವಾಗ್ಲೂ ಒಂಥರಾ..." "ನಾನು ತಿಂದಿಲ್ವಾ? ನನಗೇನಾಗಿದೆ? ತಿನ್ನು." ಸಿಂಚನ ತಲೆ ತಗ್ಗಿಸಿ ತಿಂದಳು. ತಟ್ಟೆ ಖಾಲಿಯಾಗುವ ತನಕ ಅವನು ಅಲ್ಲೇ ನಿಂತಿದ್ದ. ಕೊನೆಗೆ ತಟ್ಟೆಯನ್ನು ಬಗ್ಗಿಸಿ ತೋರಿಸಿದಳು, ಕಣ್ಣಲ್ಲಿ ನೀರಿತ್ತು. ಪಾಪಕ್ಕ ದೂರದಿಂದ ಅವನಿಗೆ ಕೈ ಮುಗಿದಳು. ತನ್ನ ಅಡುಗೆಯ ಮಾನ ಉಳಿಸಿದ್ದಕ್ಕೆ.

ಆಫೀಸು ರೂಮಿನ ಬಾಗಿಲು ಮುಂದಕ್ಕೆ ಮಾಡಿ ಡಬ್ಬಿ ಬಿಚ್ಚಿದ. ಚಿತ್ರಾನ್ನದ ಕಡಲೆಬೀಜ ಬಾಯಲ್ಲಿ ಮರಳಿನಂತೆ ಓಡಾಡಿತು. ಅಗಿಯದೆ ನುಂಗಿದ. ನುಗ್ಗೆಮರದ ಬುಡ ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಯಿತು: ಅನ್ನ ಹಾಗೆಯೇ ಬಿದ್ದಿತ್ತು, ಕಾಗೆ ಕೂಡ ಇಳಿದಿರಲಿಲ್ಲ. ಏನಾಗುವುದಿದೆ, ಮಕ್ಕಳ ಹೊಟ್ಟೆ ಕಲ್ಲು ಕರಗಿಸುವ ಹೊಟ್ಟೆ. ಗಡಿಯಾರ ನೋಡಿದ. ಒಂದು ಇಪ್ಪತ್ತು. ಒಂದೂವರೆಯ ತನಕ ಏನೂ ಆಗದಿದ್ದರೆ ಏನೂ ಆಗುವುದಿಲ್ಲ ಎಂದು ಯಾಕೋ ಅನ್ನಿಸಿತು. ಒಂದು ಇಪ್ಪತ್ತೆಂಟಕ್ಕೆ ವರಾಂಡದಲ್ಲಿ ಯಾರೋ ವಾಂತಿ ಮಾಡುವ ಸದ್ದು ಕೇಳಿತು, ಆಮೇಲೆ ಇನ್ನೊಬ್ಬರದು. ಬಾಗಿಲು ತೆರೆಯಲು ಕೈ ಬರಲಿಲ್ಲ. ಚಿಲಕ ಹಿಡಿದು ನಿಂತು, ಒಳಗೇ ಇದ್ದುಬಿಟ್ಟರೆ ಎಂದುಕೊಂಡ. ಹೊರಗೆ ಪಾಪಕ್ಕನ ಕೂಗು: "ಮೇಷ್ಟ್ರೇ! ಅಯ್ಯೋ ಮೇಷ್ಟ್ರೇ, ಮಗೂ ಮೇಲಕ್ಕೆ ಏಳ್ತಿಲ್ಲ!"

ಆಂಬುಲೆನ್ಸಿನಲ್ಲಿ ಐದು ಮಕ್ಕಳು, ಊರಿನವರ ಟೆಂಪೋದಲ್ಲಿ ಆರು ಮಕ್ಕಳು. ಆಸ್ಪತ್ರೆಯ ದಾರಿಯುದ್ದಕ್ಕೂ ಸಿಂಚನಳ ತಲೆ ಅವನ ತೊಡೆಯ ಮೇಲಿತ್ತು, ಅವಳ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅವಳ ಪಕ್ಕದಲ್ಲಿ ಕೂತವರು ಕಡಿಮೆ ತಿಂದಿದ್ದರು, ಮೂಲೆಗೆ ಚೆಲ್ಲಿದ್ದರು, ಲೋಟದ ಹಿಂದೆ ಬಚ್ಚಿಟ್ಟಿದ್ದರು. ತಟ್ಟೆ ಬಗ್ಗಿಸಿ ತೋರಿಸಿದವಳು ಇವಳೊಬ್ಬಳೇ. ದೇವರೇ, ಇವಳನ್ನು ಉಳಿಸು, ನಾನು ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತ. ಎಂಟು ಕಿಲೋಮೀಟರಿನಲ್ಲಿ ಹತ್ತು ಸಲ ಹೊತ್ತ. ಅವನ ಅಂಗಿಯ ಮೇಲೆ ಅವಳು ಕಕ್ಕಿದ್ದು ಒಣಗುತ್ತಿತ್ತು, ಅದರಿಂದ ಗದ್ದೆಗೆ ಹೊಡೆಯುವ ಔಷಧಿಯಂಥ ಒಂದು ವಾಸನೆ ಬರುತ್ತಿತ್ತು. ಅಷ್ಟು ಗಾಢವಾದ ವಾಸನೆ. ತಟ್ಟೆಯನ್ನು ಮೂಗಿನ ಹತ್ತಿರ ತಂದಿದ್ದರೆ ಸಾಕಿತ್ತು, ತಿನ್ನುವುದೂ ಬೇಕಿರಲಿಲ್ಲ.

ಆಸ್ಪತ್ರೆಯ ಚಿಕ್ಕ ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರು ಮಕ್ಕಳನ್ನು ಮಲಗಿಸಿದರು. ಡಾಕ್ಟರು ಚೈತ್ರ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಓಡಾಡುತ್ತಲೇ ಮಾತಾಡುತ್ತಿದ್ದಳು. ಮುಕ್ಕಾಲು ಗಂಟೆಯ ಮೇಲೆ ಸಿಂಚನಳ ಕಣ್ಣು ಬಿಡಿಸಿ ನೋಡಿ, ನಾಡಿ ಹಿಡಿದು, ಡ್ರಿಪ್ಪಿನ ವೇಗ ಸರಿ ಮಾಡಿ, "ಭಯ ಇಲ್ಲ. ಚೇತರಿಸ್ಕೊಳ್ತಾಳೆ. ಬೇಳೆಗೆ ಹುಳ ಬೀಳ್ದಿರಲಿ ಅಂತ ಎಲ್ಲೋ ಏನೋ ಔಷಧಿ ಬೆರೆಸಿರ್ಬೇಕು, ಸ್ಯಾಂಪಲ್ ಕಳಿಸ್ತೀವಿ" ಅಂದಳು. ಬೈರೇಶ್ ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡ. ಮಗು ಬದುಕುತ್ತದೆ. ಎದೆಯೊಳಗೆ ಏನೋ ಕರಗಿತು, ಅಳು ಬಂತು, ಮುಖ ಮುಚ್ಚಿಕೊಂಡ. ಆದರೆ ಆ ಅಳು ಮುಗಿಯುವ ಮೊದಲೇ, ಅದೇ ಎದೆಯಲ್ಲಿ ಇನ್ನೊಂದು ಹೆದರಿಕೆ ಎದ್ದು ಕೂತಿತು: ಇನ್ನು ಕೇಳುತ್ತಾರೆ. ಪುಸ್ತಕ ತರಿಸುತ್ತಾರೆ. ಅಮಾನತ್ತು, ಪೊಲೀಸು, ಟಿವಿಯವರು, ಅಕ್ಷತ, ಕಾಲೋನಿಯವರ ಮುಖ. ಹೊತ್ತ ಹರಕೆ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಇಷ್ಟು ಬೇಗ ತನ್ನ ಚರ್ಮದ ಚಿಂತೆಗೆ ತಿರುಗಿದ ಮನಸ್ಸನ್ನು ಕಂಡು ಅವನಿಗೇ ಅಸಹ್ಯವಾಯಿತು.

ತಾಲ್ಲೂಕಿನಿಂದ ಬಂದ ಅಧಿಕಾರಿ ರಾಮಾಂಜಿನಪ್ಪನವರು ಕಂಕುಳಲ್ಲಿ ಆ ಪುಸ್ತಕವನ್ನು ಹಿಡಿದುಕೊಂಡೇ ಒಳಗೆ ಬಂದರು. ಶಾಲೆಗೆ ಹೋಗಿ ಬಂದಿದ್ದರು. ಬಾಗಿಲಲ್ಲಿ ಊರಿನವರು ತುಂಬಿದ್ದರು. ಒಬ್ಬ, "ಆ ಹೆಂಗಸಿಗೆ ಕೆಲ್ಸ ಕೊಟ್ಟಾಗ್ಲೇ ನಾವು ಬ್ಯಾಡ ಅಂದಿದ್ವಿ" ಎಂದ. ಇನ್ನೊಬ್ಬ, "ಮಕ್ಕಳನ್ನ ಕೊಲ್ಲಾಕೆ ಹೊರಟವ್ಳೆ" ಎಂದ. ಪಾಪಕ್ಕ ಮೊಮ್ಮಗಳ ಮಂಚದ ಕಾಲು ಹಿಡಿದು ನೆಲದಲ್ಲಿ ಕೂತಿದ್ದಳು, ತಲೆ ಎತ್ತಲಿಲ್ಲ. ರಾಮಾಂಜಿನಪ್ಪ ಬೈರೇಶನನ್ನು ಕಿಟಕಿಯ ಕಡೆಗೆ ಕರೆದರು. "ಮೇಷ್ಟ್ರೇ, ಇದು ನಾಸ್ಟಿ ಕೇಸ್ ಆಗುತ್ತೆ, ಹುಷಾರಾಗಿ ಮಾತಾಡಿ. ಸಹಿ ನಿಮ್ದೇ ತಾನೆ?" "ನಂದೇ ಸಾರ್." "ರುಚಿ ನೋಡಿದ್ರಿ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಬೈರೇಶ್ ಬಾಯಿ ಒರೆಸಿಕೊಂಡ. "ನೋಡಿದೆ ಸಾರ್." "ಚೆನ್ನಾಗಿತ್ತು." "ಚೆನ್ನಾಗಿತ್ತು ಸಾರ್." "ಸರಿ. ಹಂಗಾದ್ರೆ ನೀವು ನೋಡಿದ ಮೇಲೆ ಅವಳು ಏನೋ ಬೆರೆಸಿದಾಳೆ. ಅಷ್ಟೇ ಆಗೋಕೆ ಸಾಧ್ಯ." ರಾಮಾಂಜಿನಪ್ಪನವರಿಗೆ ಲೆಕ್ಕ ಸರಿಹೋದ ಸಮಾಧಾನ. ಬೈರೇಶ್ ಇಲ್ಲ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಮಾತಾಡದೆ ಇದ್ದರೆ ಸುಳ್ಳು ಹೇಳಿದ ಹಾಗಲ್ಲ ಎಂದು ಅವನಿಗೆ ಆ ಗಳಿಗೆಯಲ್ಲಿ ನಿಜವಾಗಿಯೂ ಅನ್ನಿಸಿತು.

ಪಾಪಕ್ಕ ತಲೆ ಎತ್ತಿದ್ದು ಆಗ. ಆದರೆ ಅವಳು ತನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. "ಡಾಕ್ಟ್ರಮ್ಮಾ" ಎಂದು ಕೂಗಿದಳು, "ಮೇಷ್ಟ್ರೂ ಉಂಡವ್ರೆ! ಎಲ್ರಿಗಿಂತ ಮುಂಚೆ ಉಂಡವ್ರು ಅವ್ರೇ. ಅವ್ರನ್ನ ಯಾರೂ ನೋಡ್ತಾನೇ ಇಲ್ವಲ್ರಮ್ಮಾ!" ಡಾಕ್ಟರು ಗಕ್ಕನೆ ನಿಂತಳು. ಹೌದಲ್ಲ, ಮೊದಲೇ ಹೇಳಬಾರದೇ ಎಂದು ಗದರಿ, ಅವನ ಮಣಿಕಟ್ಟು ಹಿಡಿದಳು. ನಾಡಿ ಓಡುತ್ತಿತ್ತು, ಅಂಗೈ ಬೆವರಿತ್ತು, ಮುಖ ಬಿಳಿಚಿಕೊಂಡಿತ್ತು. ಹೆದರಿಕೆಗೂ ವಿಷಕ್ಕೂ ಗುರುತು ಒಂದೇ. ನನಗೇನೂ ಆಗಿಲ್ಲ ಎಂದು ಅವನು ಹೇಳುತ್ತಲೇ ಇದ್ದ. ಅವರು ಅವನನ್ನು ಸಿಂಚನಳ ಪಕ್ಕದ ಮಂಚದ ಮೇಲೆ ಮಲಗಿಸಿದರು. ಬಾಗಿಲಲ್ಲಿದ್ದವರು, "ಪಾಪ, ಮಕ್ಕಳ ಗಡಿಬಿಡೀಲಿ ಮೇಷ್ಟ್ರು ತಮ್ ನೋವು ಹೇಳ್ಕೊಂಡೇ ಇಲ್ಲ ನೋಡ್ರಪ್ಪಾ" ಎಂದು ಮಾತಾಡಿಕೊಂಡರು. ಚಾವಣಿಯ ಫ್ಯಾನು ನಿಧಾನ ತಿರುಗುತ್ತಿತ್ತು. ಇಲ್ಲೇ, ಹೀಗೇ ಸತ್ತುಹೋದರೆ ಒಳ್ಳೆಯವನಾಗಿಯೇ ಸಾಯುತ್ತೇನೆ ಅನ್ನಿಸಿತು.

ನರ್ಸಮ್ಮ ಮಕ್ಕಳಿಗೆ ಓಆರ್‌ಎಸ್ ಕುಡಿಸುವುದರಲ್ಲಿದ್ದಳು. ಒಂದು ಸ್ಟೀಲ್ ಲೋಟ ತುಂಬಿ, ಅವರಿಗೂ ಕೊಡಿ ಎಂದು ಪಾಪಕ್ಕನ ಕೈಗೆ ಕೊಟ್ಟಳು. ಪಾಪಕ್ಕ ಎದ್ದು ಬಂದಳು. ಇಷ್ಟು ವರ್ಷದಲ್ಲಿ ಅವಳು ಅವನಿಗೆ ಇಷ್ಟು ಹತ್ತಿರ ಬಂದದ್ದಿಲ್ಲ. ಯಾವಾಗಲೂ ಬಾಗಿಲು, ಸ್ಟೂಲು, ಮುಚ್ಚಿದ ತಟ್ಟೆ. ಒಂದು ಕೈಯನ್ನು ಅವನ ಕತ್ತಿನ ಕೆಳಗೆ ಹಾಕಿ ತಲೆ ಎತ್ತಿದಳು. "ಕುಡೀರಿ ಮೇಷ್ಟ್ರೇ. ನನ್ನಿಂದ ನಿಮ್ಗೂ ಹಿಂಗಾಯ್ತಲ್ಲ. ಮೂಗಿಲ್ದೋಳು ಸೌಟು ಹಿಡೀಬಾರ್ದಿತ್ತು. ನೀವು ಚೆನ್ನಾಗೈತೆ ಅಂದ್ರಲ್ಲ, ಅದ್ಕೇ ನನ್ ಮಗೀಗೂ ಹಾಕ್ದೆ." ಲೋಟ ತುಟಿಗೆ ತಾಗಿತು. ಅವಳ ಬೆರಳಿನಲ್ಲಿ ಈರುಳ್ಳಿ ವಾಸನೆಯಿತ್ತು. ಬಾಗಿಲ ಜನ, ರಾಮಾಂಜಿನಪ್ಪ, ಡಾಕ್ಟರು, ಎಲ್ಲರೂ ನೋಡುತ್ತಿದ್ದರು. ಕುಡಿಯಬೇಕು, ಇದೊಂದನ್ನಾದರೂ ಕುಡಿಯಬೇಕು ಎಂದು ಅವನು ಕಣ್ಣು ಮುಚ್ಚಿ ಒಂದು ಗುಟುಕು ಒಳಗೆ ಎಳೆದುಕೊಂಡ. ಏನಿಲ್ಲ ಕಂದ, ಏನಿಲ್ಲ. ಮಗ್ಗುಲಿಗೆ ತಿರುಗುವಷ್ಟರಲ್ಲಿ ಎಲ್ಲವೂ ಹೊರಗೆ ಬಂತು, ಮಂಚದ ಅಂಚಿಗೆ, ನೆಲಕ್ಕೆ, ಅವಳ ಪಾದಕ್ಕೆ.

"ನೋಡಿದ್ರಾ" ಎಂದರು ರಾಮಾಂಜಿನಪ್ಪ, ಯಾರಿಗೋ ಸಾಕ್ಷಿ ಹೇಳುವವರ ಹಾಗೆ. ಪೆನ್ನು ತೆಗೆದು ಬರೆಯಲು ಶುರು ಮಾಡಿದರು. "ರುಚಿ ನೋಡಿದ ಶಿಕ್ಷಕರೂ ಅಸ್ವಸ್ಥ." ಬೈರೇಶನಿಗೆ ಕೇಳಿಸಿತು. ತಾನು ಉಳಿದುಕೊಂಡೆ ಎಂದು ಗೊತ್ತಾಯಿತು. ಪಾಪಕ್ಕ ಆಗಲೇ ಬಕೆಟ್ಟು, ಬಟ್ಟೆ ತಂದು ನೆಲದಲ್ಲಿ ಕೂತಿದ್ದಳು. ಬೇಡ ಎಂದು ಅವನು ಕೈ ಆಡಿಸಿದ. "ಇರ್ಲಿ ಮೇಷ್ಟ್ರೇ, ನೀವು ಸಂಕೋಚ ಪಡ್ಬೇಡಿ, ನಂಗೆ ವಾಸ್ನೆ ಬರಲ್ಲ" ಎಂದು ಅವಳು ಬಗ್ಗಿ ಒರೆಸತೊಡಗಿದಳು. ಎರಡು ಸಲ ಒರೆಸಿದಳು. ಮೂರನೆಯ ಸಲಕ್ಕೆ ಅವಳ ಕೈ ನಿಂತಿತು.

ಬಟ್ಟೆಯ ಮೇಲೆ ಅರಿಶಿನ ಬಣ್ಣದ ಅನ್ನವಿತ್ತು. ಅದರಲ್ಲಿ ಅಗಿಯದ ಕಡಲೆಬೀಜ, ಎರಡು ಹೋಳಾಗಿ, ಇಡಿಯಾಗಿ, ಹತ್ತಾರು. ಮಧ್ಯಾಹ್ನದಿಂದ ಹನ್ನೊಂದು ಮಕ್ಕಳು ಕಕ್ಕಿದ್ದನ್ನು ಒರೆಸಿದ ಕೈ ಅದು. ಪಾಪಕ್ಕ ಒಂದು ಬೀಜವನ್ನು ಬೆರಳಿನಿಂದ ಈ ಕಡೆಗೆ ಸರಿಸಿ ನೋಡಿದಳು. ಕುಂಬಳದ ಒಂದು ಎಳೆಯೂ ಇರಲಿಲ್ಲ, ಬೇಳೆಯ ಒಂದು ಕಾಳೂ ಇರಲಿಲ್ಲ.

"ನಾನು ಇವತ್ತು ಕಡ್ಲೆಬೀಜ ಹಾಕಿರ್ಲಿಲ್ವಲ್ಲ ಮೇಷ್ಟ್ರೇ" ಎಂದಳು. ಜೋರಾಗಿ ಅಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಜ್ಞಾಪಿಸಿಕೊಳ್ಳುವವರ ಹಾಗೆ.

"ಏನಮ್ಮಾ ಅದು?" ರಾಮಾಂಜಿನಪ್ಪ ಬರೆಯುವುದನ್ನು ನಿಲ್ಲಿಸಿದರು.

ಅವಳು ಅವರ ಕಡೆ ತಿರುಗಲಿಲ್ಲ. ಬಟ್ಟೆಯನ್ನು ಒಳಮುಖವಾಗಿ ಮಡಚಿದಳು, ಯಾರಿಗೂ ಕಾಣದ ಹಾಗೆ. ಅವಳಾಗಿ ಹೇಳುವುದಿಲ್ಲ ಎಂದು ಬೈರೇಶನಿಗೆ ಗೊತ್ತಾಯಿತು. ಅವಳು ಬೈದಿದ್ದರೆ, ಕೂಗಿದ್ದರೆ, ಜನರನ್ನು ಕರೆದು ಬಟ್ಟೆ ಬಿಚ್ಚಿ ತೋರಿಸಿದ್ದರೆ ಅವನು ಎದುರಿಗೆ ಏನಾದರೂ ಹೇಳುತ್ತಿದ್ದ, ಬೆಳಿಗ್ಗೆ ತಿಂಡಿ ತಿಂದಿದ್ದೆ ಅನ್ನುತ್ತಿದ್ದ. ಅವಳು ಸುಮ್ಮನೆ ಅವನ ಮುಖ ನೋಡುತ್ತ ಕೂತಳು. ಆ ಕಡೆಯ ಮಂಚದಿಂದ ಸಿಂಚನಳೂ, ಕೈಗೆ ಡ್ರಿಪ್ಪು ಚುಚ್ಚಿಕೊಂಡು, ಕಣ್ಣು ಬಿಟ್ಟು, ನೋಡುತ್ತಿದ್ದಳು. ಅವನ ಹೆದರಿಕೆ ಹೋಗಿರಲಿಲ್ಲ. ಮೊಣಕೈ ಊರಿ ಎದ್ದು ಕೂತ.

"ಪಾಪಕ್ಕನ ಮೇಲೆ ಬರ್ಕೊಬೇಡಿ ಸಾರ್" ಎಂದ. ದನಿ ಅವನದೇ ಅನ್ನಿಸಲಿಲ್ಲ. "ನಾನು ತಿಂದಿಲ್ಲ. ವಾಸ್ನೆ ನೋಡಿ ಹೇಳಿ ಅಂತ ಕೇಳ್ಕೊಂಡ್ರು, ನಾನು ಕಿಟಕಿಯಿಂದ ಚೆಲ್ಲಿದೆ. ನಾಯಿನೂ ಮುಟ್ಟಲಿಲ್ಲ, ಅದನ್ನ ನೋಡಿದೆ, ನೋಡಿನೇ ಸಹಿ ಹಾಕಿದೆ. ಇವತ್ತೊಂದಿನ ಅಲ್ಲ. ನಾಲ್ಕು ವರ್ಷದಲ್ಲಿ ಒಂದು ದಿನಾನೂ ತಿಂದಿಲ್ಲ."

ರಾಮಾಂಜಿನಪ್ಪನವರು ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮಗುಚಿದರು, ಪ್ರತಿ ಹಾಳೆಯಲ್ಲೂ ಅದೇ ಸಾಲು, ಅದೇ ಸಹಿ. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಒಂದು ದಿನಾನೂ ಇಲ್ವಾ? ಯಾಕ್ರೀ?"

ಗ್ಯಾಸ್ಟ್ರಿಕ್ ಎಂಬ ಮಾತು ನಾಲಿಗೆಯ ತುದಿಯ ತನಕ ಬಂತು. ಪಾಪಕ್ಕ ಉತ್ತರಕ್ಕೆ ಕಾಯಲಿಲ್ಲ. ಮಡಚಿದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು, ಉಳಿದದ್ದನ್ನು ಒರೆಸಿ ಮುಗಿಸಿದಳು, ಅವನ ಮಂಚದ ಪಕ್ಕದಲ್ಲಿ ಇಟ್ಟಿದ್ದ ಸ್ಟೀಲ್ ಲೋಟವನ್ನೂ ಎತ್ತಿಕೊಂಡು, ತೊಳೆಯಲು ನಲ್ಲಿಯ ಕಡೆ ಹೋದಳು.